ಡಾಲ್ಫಿನ್ ಕಾರಿನ ಬಣ್ಣ ಕೆರೆದ ನಾಲ್ಕು ತಿಂಗಳು

ಅಪ್ಪ 1985ರಲ್ಲಿ ತಂದ ಸಿಪಾನಿ ಡಾಲ್ಫಿನ್ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. ಬೆಂಗಳೂರಿನಲ್ಲೇ ತಯಾರಾದ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿ.ಸಿ. ಎಂಜಿನ್, ಎರಡೇ ಬಾಗಿಲು, ಮೈಯೆಲ್ಲಾ ಫೈಬರ್‌ಗ್ಲಾಸ್. ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ಈಗ ಒಂದು ಬಾಗಿಲು ಹಾಳಾದರೆ ಇನ್ನೊಂದು ಹುಡುಕುವುದೇ ಕಷ್ಟ. ಅದಕ್ಕೇ ಬಣ್ಣ ತೆಗೆಯುವ ಕೆಲಸ ನಾನೇ ಮಾಡಬೇಕು ಅಂತ ತೀರ್ಮಾನಿಸಿದೆ.

ನಿಜ ಹೇಳಬೇಕೆಂದರೆ ಮೊದಲು ಬಾನೆಟ್ ಒಂದನ್ನೇ ಬಿಚ್ಚಿ ಒಂದು ಟಿಂಕರಿಂಗ್ ಅಂಗಡಿಗೆ ಕೊಟ್ಟಿದ್ದೆ. "ರಿಮೂವರ್ ಹಚ್ಚಿದ್ರೆ ಅರ್ಧ ದಿನದಲ್ಲಿ ಬಣ್ಣ ಎಲ್ಲಾ ಎದ್ದು ಬರುತ್ತೆ ಸಾರ್" ಅಂದರು. ಬಂತು ಕೂಡ. ಹೊಸ ಬಣ್ಣ ಹೊಡೆದು ಕೊಟ್ಟರು, ಕನ್ನಡಿ ಹಾಗಿತ್ತು. ಎರಡು ತಿಂಗಳು ಬಿಸಿಲು ಬಿದ್ದ ಮೇಲೆ ಬಾನೆಟ್ ಮೇಲೆಲ್ಲಾ ರಾಗಿಕಾಳಿನ ಗಾತ್ರದ ಗುಳ್ಳೆಗಳು. ಒಂದನ್ನು ಉಗುರಲ್ಲಿ ಒಡೆದೆ. ಒಳಗೆ ಇನ್ನೂ ಹಸಿ, ಮೂಗಿಗೆ ರಿಮೂವರ್ ವಾಸನೆ.

ತಗಡಿಗೆ ರಿಮೂವರ್ ಹಚ್ಚಿದರೆ ಅದು ಮೇಲೆಯೇ ನಿಲ್ಲುತ್ತದೆ. ಫೈಬರ್ ಹಾಗಲ್ಲ. ಗಾಜಿನ ನಾರಿನ ಮ್ಯಾಟ್, ಅದನ್ನು ಹಿಡಿದಿಟ್ಟ ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು, ಎಲ್ಲಕ್ಕಿಂತ ಮೇಲೆ ಅರ್ಧ ಮಿಲಿಮೀಟರಿನಷ್ಟು ಜೆಲ್‌ಕೋಟ್, ಅಂದರೆ ನಾರಿಲ್ಲದ ನುಣುಪು ರೆಸಿನ್ ಪದರ. ರಿಮೂವರ್‌ಗೆ ಬಣ್ಣ ಯಾವುದು, ರೆಸಿನ್ ಯಾವುದು ಅಂತ ಗೊತ್ತಾಗುವುದಿಲ್ಲ. ಕೂದಲೆಳೆ ಬಿರುಕಿನಲ್ಲೂ ಇಳಿದು ಕೂತುಬಿಡುತ್ತದೆ. ಆಮೇಲೆ ಬಿಸಿಲಿಗೆ ಆವಿಯಾಗಿ ಹೊಸ ಬಣ್ಣವನ್ನು ಎಬ್ಬಿಸುತ್ತದೆ. ಹೀಟ್ ಗನ್ ಹಿಡಿದರೆ ರೆಸಿನ್ ಮೆತ್ತಗಾಗುತ್ತದೆ, ಮರಳು ಹೊಡೆಸಿದರೆ ಜೆಲ್‌ಕೋಟೇ ಹಾರಿಹೋಗುತ್ತದೆ. ಉಳಿದದ್ದು ಕೈ, ಬ್ಲೇಡು, ಎಮರಿ ಕಾಗದ.

ಒಂದೇ ಅಂಚಿನ ಬ್ಲೇಡ್ ತಗೊಂಡು ಅದರ ಎರಡೂ ಮೂಲೆಗಳನ್ನು ಎಮರಿಗೆ ಉಜ್ಜಿ ಮೊಂಡು ಮಾಡಿಕೊಂಡೆ. ಇಲ್ಲದಿದ್ದರೆ ಮೂಲೆ ಕಚ್ಚಿ ಗೀರು ಬೀಳುತ್ತದೆ. ಬ್ಲೇಡನ್ನು ಹೆಚ್ಚು ಎತ್ತದೆ ಓರೆಯಾಗಿ ಹಿಡಿದು ತಳ್ಳಿದರೆ ಬಣ್ಣ ಸುರುಳಿ ಸುರುಳಿಯಾಗಿ ಬರುತ್ತದೆ, ಕ್ಯಾರೆಟ್ ಸಿಪ್ಪೆ ಹೆರೆದ ಹಾಗೆ. ಮೇಲಿನದು ಮರೂನ್, ಅದರ ಕೆಳಗೆ ಬಿಳಿ, ಅದರ ಕೆಳಗೆ ನನಗೆ ನೆನಪಿದ್ದ ತಿಳಿ ಹಳದಿ. ಆ ಹಳದಿ ಕಂಡ ದಿನ ಅಮ್ಮನನ್ನು ಕರೆದು ತೋರಿಸಿದೆ. "ಇದೇ ಕಣೋ, ಇದೇ ಬಣ್ಣ" ಅಂತ ಬೆರಳಾಡಿಸಿದರು.

ಹಳದಿಯ ಕೆಳಗೆ ಬೂದು ಪ್ರೈಮರ್ ಕಂಡ ಕೂಡಲೇ ಬ್ಲೇಡ್ ಇಟ್ಟುಬಿಟ್ಟೆ. ಅಲ್ಲಿಂದ ಮುಂದೆ 120, ಆಮೇಲೆ 180 ನಂಬರಿನ ಎಮರಿ, ಮರದ ತುಂಡಿಗೆ ಸುತ್ತಿ. ಬರೀ ಬೆರಳಲ್ಲಿ ಉಜ್ಜಿದರೆ ಬೆರಳಿನ ಅಗಲಕ್ಕೆ ಹಳ್ಳ ಬೀಳುತ್ತದೆ. ಗಾಜಿನ ನಾರು ಕಣ್ಣಿಗೆ ಕಂಡಿತು ಅಂದರೆ ಜೆಲ್‌ಕೋಟ್ ದಾಟಿದ್ದೀರಿ ಅಂತ ಅರ್ಥ. ನೀರು ಹಾಕಿ ಉಜ್ಜುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಬರಿಮೈ ಫೈಬರ್ ನೀರು ಕುಡಿಯುತ್ತದೆ. ಹಾಗಾಗಿ ಪೂರ್ತಿ ಒಣ ಕೆಲಸ. ಧೂಳು ಮೈಗೆ ಚುಚ್ಚುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು. ಒಳ್ಳೆಯ ಮಾಸ್ಕ್, ತುಂಬು ತೋಳಿನ ಅಂಗಿ, ಕೈಗೆ ಪೌಡರ್ ಇಲ್ಲದೆ ನಾನು ಶೆಡ್ಡಿಗೆ ಹೋಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಲ್ಲೇ ತೊಳೆದುಕೊಳ್ಳುತ್ತಿದ್ದೆ.

ಬಣ್ಣ ಹೋದ ಮೇಲೆ ನಿಜವಾದ ಗಾಯಗಳು ಕಂಡವು. ಹೆಡ್‌ಲೈಟ್ ಸುತ್ತ, ಬಾಗಿಲಿನ ಕೀಲಿನ ಹತ್ತಿರ ಜೇಡರ ಬಲೆಯಂಥ ಬಿರುಕುಗಳು. ಇವುಗಳ ಮೇಲೆ ಸುಮ್ನೆ ಪುಟ್ಟಿ ಮೆತ್ತಿದರೆ ಮತ್ತೆ ಅದೇ ಜಾಗದಲ್ಲಿ ಬಿರುಕು ಬರುತ್ತದೆ. ಪ್ರತಿ ಗೆರೆಯನ್ನೂ ಚಿಕ್ಕ ಗ್ರೈಂಡರ್‌ನಲ್ಲಿ ವಿ ಆಕಾರಕ್ಕೆ ಬಿಡಿಸಿ, ಸುತ್ತಲೂ ಎರಡು ಮೂರು ಇಂಚು ಇಳಿಜಾರು ಮಾಡಿ, ತೆಳು ಮ್ಯಾಟ್ ಮತ್ತು ರೆಸಿನ್ ಹಾಕಿದೆ. ಕೀಲಿನ ಹತ್ತಿರ ಒಳಗಡೆಯಿಂದಲೂ ಎರಡು ಪದರ ಕೊಟ್ಟೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ರೆಸಿನ್ ಜೊತೆ ಅದನ್ನು ಗಟ್ಟಿ ಮಾಡಲು ಎರಡು ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್ ಆಕ್ಸಲರೇಟರ್, ನೀರಿನಂತಿರುವುದು ಹಾರ್ಡ್‌ನರ್. ಇವೆರಡನ್ನೂ ಯಾವತ್ತೂ ನೇರವಾಗಿ ಬೆರೆಸಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಆಕ್ಸಲರೇಟರ್ ಅನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ನೂರು ಗ್ರಾಂ ರೆಸಿನ್‌ಗೆ ಒಂದರಿಂದ ಎರಡು ಗ್ರಾಂ ಹಾರ್ಡ್‌ನರ್ ಸಾಕು. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಬಿಸಿಯಾಗಿ ಬಿರುಕು ಬಿಡುತ್ತದೆ. ನಾನು ಒಂದು ಸಲಕ್ಕೆ ನೂರು ಗ್ರಾಮಿಗಿಂತ ಹೆಚ್ಚು ಕಲಸಲೇ ಇಲ್ಲ.

ಆ ಬಾನೆಟ್ಟನ್ನೂ ಉಳಿಸಿಕೊಂಡೆ. ಹೊಸ ಬಣ್ಣ, ಮೆತ್ತಗಾದ ಜೆಲ್‌ಕೋಟ್ ಎಲ್ಲಾ ಉಜ್ಜಿ ತೆಗೆದು ಮೂರು ವಾರ ಬಿಸಿಲಿಗೆ ಒರಗಿಸಿಟ್ಟೆ. ವಾಸನೆ ಪೂರ್ತಿ ಹೋದ ಮೇಲೆಯೇ ತೆಳು ಮ್ಯಾಟ್ ಹಾಕಿದ್ದು.

ಪ್ರೈಮರ್ ಎಪಾಕ್ಸಿ, ಅದರ ಮೇಲೆ ಪಿಯು (ಪಾಲಿಯುರೆಥೇನ್) ಸರ್ಫೇಸರ್, ಅಂದರೆ ಮೇಲ್ಮೈ ಸಮ ಮಾಡುವ ಪದರ. ಅದಾದ ಮೇಲೆ ಕಾರನ್ನು ಎರಡು ವಾರ ಬಿಸಿಲಿನಲ್ಲೇ ಬಿಟ್ಟೆ. ಹೊಸ ರೆಸಿನ್, ಪುಟ್ಟಿ ಎಲ್ಲಾ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ ಅಂತ. ಕುಗ್ಗಿತು ಕೂಡ, ಎಡ ಬಾಗಿಲಲ್ಲಿ ಮ್ಯಾಟಿನ ನಾರಿನ ಅಚ್ಚು ಎದ್ದಿತ್ತು. ಮತ್ತೆ 400 ಎಮರಿ ಹಿಡಿದು ಸರಿ ಮಾಡಿದೆ. ಅವಸರ ಮಾಡಿದ್ದರೆ ಆ ಅಚ್ಚು ಹಳದಿಯ ಮೇಲೆ ಕಾಣುತ್ತಿತ್ತು, ಅಲ್ವಾ?

ಕೊನೆಯ ಪಿಯು ಬಣ್ಣವನ್ನು ನಾನು ಹೊಡೆಯಲಿಲ್ಲ. ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ, ಶೆಡ್ಡಿನಲ್ಲಿ ಸಾಧಾರಣ ಮಾಸ್ಕ್ ಹಾಕಿಕೊಂಡು ಮಾಡುವ ಕೆಲಸ ಅದಲ್ಲ. ಬಣ್ಣ ಹೊಡೆಯಲೆಂದೇ ಮುಚ್ಚಿದ ಬೂತ್ ಇರುವ ಒಬ್ಬ ಪೈಂಟರ್ ಹತ್ತಿರ ಕೊಟ್ಟು, ಬೂತಿನ ಬಿಸಿ 60 ಡಿಗ್ರಿ ದಾಟಬಾರದು ಅಂತ ಕೇಳಿಕೊಂಡೆ. ಅವರು ನೆಲಕ್ಕೆ ನೀರು ಚಿಮುಕಿಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಫೈಬರ್ ಉಜ್ಜಿದಷ್ಟೂ ಧೂಳನ್ನು ಎಳೆದುಕೊಳ್ಳುತ್ತದೆ, ಬಾಚಣಿಗೆ ಕಾಗದದ ಚೂರು ಎಳೆಯುವ ಹಾಗೆ.

ಡಿಕ್ಕಿಯ ಒಳಗೋಡೆಗೆ ಮಾತ್ರ ಬಣ್ಣ ಬೇಡ ಅಂದೆ. ಅಲ್ಲಿ ಮ್ಯಾಟ್ ಹಾಕಿದವರ ಬ್ರಷ್ಷಿನ ಗೆರೆಗಳು ಹಾಗೇ ಇವೆ. ಚಕ್ರದ ಕಮಾನಿನ ಮೇಲೆ ಬ್ರಷ್ಷಿನದೇ ಒಂದು ಕಪ್ಪು ಕೂದಲು ರೆಸಿನ್ ಒಳಗೆ ಸೇರಿಕೊಂಡಿದೆ, ಅರ್ಧ ಇಂಚು ಉದ್ದ. ಬೆಂಗಳೂರಿನ ಆ ಕಾರ್ಖಾನೆಯಲ್ಲಿ ಯಾರೋ ಕೈಯಲ್ಲಿ ಬಳಿದ ದಿನದಿಂದ ಅದು ಅಲ್ಲೇ ಇದೆ.