ಬಿಸ್ಕತ್ತಿನೊಳಗಿನ ಚಹಾ

ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆದರೂ ತೀನ್ ಕಂದಿಲ್ ಕಡೆ ಹೋಗಿ ನೋಡಿ, ಜನ ಬೆವರು ಒರೆಸಿಕೊಳ್ಳುತ್ತಲೇ ಕಡಕ್ ಚಹಾ ಹೀರುತ್ತಿರುತ್ತಾರೆ. ನಮ್ಮೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತಿನ ಚಟ ಮಾತ್ರ ನಮ್ಮನ್ನು ಬಿಟ್ಟು ಹೋಗಲೇ ಇಲ್ಲ.

ನನಗೆ ಚಿಕ್ಕಂದಿನಿಂದ ಚಹಾಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಬಿಸ್ಕತ್ತು ಅದ್ದುವಾಗ ತುಂಡಾಗಿ ಕಪ್ಪಿನ ತಳ ಸೇರುತ್ತದಲ್ವಾ, ಆ ಮುದ್ದೆ. ಚಮಚದಿಂದ ಕೆರೆದು ತಿನ್ನುತ್ತಿದ್ದೆ. ಸಿಹಿ, ಬೆಣ್ಣೆ, ಚಹಾ ಮೂರೂ ಒಟ್ಟಿಗೆ ಸಿಗುವ ರುಚಿ ಅದು. ಮನೆಗೆ ಓವನ್ ಬಂದ ಮೇಲೆ ಆ ರುಚಿಯನ್ನು ಬಿಸ್ಕತ್ತಿನೊಳಗೇ ಹಿಡಿದಿಡಬೇಕು ಅನ್ನುವ ಹುಚ್ಚು ಹತ್ತಿತು.

ಮೊದಲು ಮಾಡಿದ್ದು ಕೇಕ್. ಜಾಸ್ತಿ ಕುದಿಸಿದರೆ ಜಾಸ್ತಿ ಚಹಾ ರುಚಿ ಅಂದುಕೊಂಡು ನಾಲ್ಕು ಚಮಚ ಪುಡಿಯನ್ನು ಒಂದು ಕಪ್ ನೀರಿನಲ್ಲಿ ಕಾಲು ಗಂಟೆ ಕುದಿಸಿದೆ. ಆ ಡಿಕಾಕ್ಷನ್ನನ್ನು ಹಾಲಿನ ಬದಲು ಹಿಟ್ಟಿಗೆ ಸುರಿದೆ. ಕೇಕ್ ಹೊರಬಂದಾಗ ಬಣ್ಣ ನೋಡಿ ಮಕ್ಕಳು ಚಾಕೊಲೇಟ್ ಅಂತ ಓಡಿ ಬಂದರು. ಬಾಯಿಗಿಟ್ಟರೆ ನಾಲಿಗೆ ಹಿಡಿಯುವ ಒಗರು. ಚಹಾದ ಘಮ ಎಲ್ಲಿ? ಅದು ಕಾಲು ಗಂಟೆ ಆವಿಯಾಗಿ ಅಡುಗೆಮನೆ ತುಂಬಾ ಓಡಾಡಿತ್ತು, ಪಾತ್ರೆಯಲ್ಲಿ ಉಳಿದದ್ದು ಬರೀ ಒಗರು. ಕಪ್ಪಾಗಲು ಇನ್ನೊಂದು ಕಾರಣವೂ ಇತ್ತು. ಚಹಾಕ್ಕೆ ಅಡುಗೆ ಸೋಡಾ ಬಿದ್ದರೆ ಬಣ್ಣ ಗಾಢವಾಗುತ್ತದೆ, ನಿಂಬೆ ಹಿಂಡಿದರೆ ತಿಳಿಯಾಗುತ್ತದೆ. ನಾನು ಸೋಡಾ ಧಾರಾಳವಾಗಿ ಹಾಕಿದ್ದೆ.

ನೀರಿನದೂ ಒಂದು ಪಾಲು. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ ಇರುವ ಜಿಲ್ಲೆ ನಮ್ಮದು, ಆದರೂ ನಮ್ಮ ಮನೆಗೆ ಬೋರ್‌ವೆಲ್ಲಿನ ಗಡಸು ನೀರೇ ಗತಿ. ಅದರಲ್ಲಿ ಚಹಾ ಮಾಡಿದರೆ ಮೇಲೆ ಕಂದು ಪೊರೆಯಂಥದ್ದು ಕಟ್ಟುತ್ತದೆ, ರುಚಿಯೂ ಮಂಕು. ನೀರಿನಲ್ಲಿರುವ ಸುಣ್ಣದ ಅಂಶ ಚಹಾದ ಒಗರಿನ ಜೊತೆ ಸೇರಿ ಆಗುವ ಕೆಲಸ ಅದು. ಈಗ ಚಹಾ ಹಾಕುವ ಯಾವ ಅಡುಗೆಗೂ ಫಿಲ್ಟರ್ ನೀರೇ.

ಎರಡನೇ ಸಲ ನೀರಿನ ಸಹವಾಸವೇ ಬೇಡ ಅಂತ ಪುಡಿಯನ್ನು ನೇರವಾಗಿ ಹಿಟ್ಟಿಗೆ ಬೆರೆಸಿದೆ. ನಾವು ದಿನಾ ಬಳಸುವುದು ಸಿಟಿಸಿ ಪುಡಿ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳಿನಂತೆ ಮಾಡಿರುತ್ತಾರೆ. ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಶುರುವಾದ ವಿಧಾನ ಅದು. ಬೇಗ ಬಣ್ಣ ಬಿಡುತ್ತದೆ, ಹಾಲು ಹಾಕಿದರೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಬಿಸ್ಕತ್ತಿನಲ್ಲಿ ಆ ಕಾಳು ಹಾಗೇ ಉಳಿದು ಹಲ್ಲಿಗೆ ಮರಳು ಸಿಕ್ಕಂತಾಯಿತು. ಅತ್ತೆಯವರು ಒಂದು ಕಚ್ಚಿ, 'ಇದನ್ನು ಸೋಸಿ ತಿನ್ನಬೇಕೇನು?' ಅಂದರು.

ದಾರಿ ಸಿಕ್ಕಿದ್ದು ಒಗ್ಗರಣೆ ಹಾಕುವಾಗ. ಜೀರಿಗೆ, ಬೆಳ್ಳುಳ್ಳಿ, ಕರಿಬೇವು ಎಣ್ಣೆಗೆ ಬಿದ್ದ ಮೇಲೇ ಅಲ್ಲವೇ ಮನೆಯೆಲ್ಲಾ ಘಮ್ಮೆನ್ನುವುದು? ಘಮ ಕೊಡುವ ಅಂಶ ಬಹುಪಾಲು ಎಣ್ಣೆ, ಬೆಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಒಗರು ಕೊಡುವ ಅಂಶಕ್ಕೆ ನೀರೇ ಬೇಕು. ಹಾಗಾದರೆ ಚಹಾವನ್ನು ಬೆಣ್ಣೆಯಲ್ಲಿ ನೆನೆಸಿದರೆ ಘಮ ಬಂದು ಒಗರು ಎಲೆಯಲ್ಲೇ ಉಳಿಯಬೇಕು. ಇಷ್ಟು ಹೊಳೆದದ್ದೇ ತಡ, ಬೆಣ್ಣೆ ಕಾಯಿಸಿ ಒಗ್ಗರಣೆಯಂತೆಯೇ ಚುರ್ ಅನ್ನಿಸಿದೆ. ಎಲೆ ಸೀದು ಸುಟ್ಟ ಕಾಗದದ ವಾಸನೆ ಬಂತು. ನೂರು ಗ್ರಾಂ ಬೆಣ್ಣೆ ಹಾಳು.

ಈಗ ಮಾಡುವುದು ಹೀಗೆ. 115 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಎರಡು ದೊಡ್ಡ ಚಮಚ ಎಲೆ ಚಹಾ ಹಾಕುತ್ತೇನೆ. ಇದಕ್ಕೆ ಸಿಟಿಸಿ ಬೇಡ, ಉದ್ದ ಎಲೆಯ ನೀಲಗಿರಿ ಚಹಾ ಚೆನ್ನ. ಐದು ನಿಮಿಷ, ಗುಳ್ಳೆ ಏಳಬಾರದು. ಒಲೆ ಆರಿಸಿ, ಮುಚ್ಚಿ, 20 ನಿಮಿಷ ಬಿಡುತ್ತೇನೆ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸುವುದು. ಎಲೆ ಒಂದಿಷ್ಟು ಬೆಣ್ಣೆ ಕುಡಿದುಬಿಡುತ್ತದೆ, ಅದಕ್ಕೇ 15 ಗ್ರಾಂ ಮೊದಲೇ ಜಾಸ್ತಿ ತೆಗೆದುಕೊಂಡದ್ದು. ಸೋಸಿದ್ದನ್ನು ತೂಗಿ, 100 ಗ್ರಾಂಗೆ ಕಡಿಮೆ ಇದ್ದರೆ ಬೆಣ್ಣೆ ಸೇರಿಸಿ.

ಈ ಬೆಣ್ಣೆ ಮತ್ತೆ ಗಟ್ಟಿಯಾಗಬೇಕು. ಪುಸ್ತಕಗಳಲ್ಲಿ 'ಕೋಣೆಯ ಉಷ್ಣತೆಯಲ್ಲಿ ಬಿಡಿ' ಅಂತ ಬರೆದಿರುತ್ತಾರೆ. ನಮ್ಮ ಕೋಣೆಯಲ್ಲಿ ಬಿಟ್ಟರೆ ಸಂಜೆಗೂ ಎಣ್ಣೆಯಾಗಿಯೇ ಇರುತ್ತದೆ! ಫ್ರಿಜ್ಜಿನಲ್ಲಿಟ್ಟು, ಬೆರಳಿಟ್ಟರೆ ತಗ್ಗು ಬೀಳುವಷ್ಟಾದಾಗ ತೆಗೆಯಬೇಕು. 50 ಗ್ರಾಂ ಪುಡಿ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಬಿಳುಪಾಗುವವರೆಗೆ ಗೊಟಾಯಿಸಿ. 150 ಗ್ರಾಂ ಮೈದಾ ಬೆರೆಸಿ. ಅರ್ಧ ಚಮಚ ಎಲೆಯನ್ನು ಮಿಕ್ಸಿಯಲ್ಲಿ ಹಿಟ್ಟಿನಂತೆ ಪುಡಿ ಮಾಡಿ, ಜರಡಿ ಹಿಡಿದು ಸೇರಿಸಿ. ಇದು ಚುಕ್ಕೆ ಕಾಣಲಿ ಅಂತ, ಚೂರು ಒಗರೂ ಇರಲಿ ಅಂತ. ಪೂರ್ತಿ ಒಗರಿಲ್ಲದಿದ್ದರೆ ಅದು ಚಹಾ ಅನ್ನಿಸುವುದೇ ಇಲ್ಲ. ಹಿಟ್ಟನ್ನು ಉರುಳೆ ಮಾಡಿ ಒಂದು ಗಂಟೆ ಮತ್ತೆ ಫ್ರಿಜ್ಜಿಗೆ. ನಂತರ ಕತ್ತರಿಸಿ 165 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಅಂಚು ಕೆಂಪಾಗತೊಡಗಿದ ಕೂಡಲೇ ತೆಗೆಯಿರಿ. ಬಿಸಿಯಲ್ಲಿ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಘಮ ಚೆನ್ನಾಗಿ ಬರುವುದು ಮಾರನೇ ದಿನ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಉಳಿಯುವುದು ಎರಡೋ ಮೂರೋ.

ಏಲಕ್ಕಿ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಆಗ ತಿಂದವರು 'ಏಲಕ್ಕಿ ಬಿಸ್ಕತ್ತು ಚೆನ್ನಾಗಿದೆ' ಅನ್ನುತ್ತಾರೆ.

ಬೆಣ್ಣೆಯ ಗುಟ್ಟು ತಿಳಿದ ಮೇಲೆ ಕುಲ್ಫಿ ಸಲೀಸಾಯಿತು. ಕೆನೆಹಾಲು ಅರ್ಧದಷ್ಟು ಬತ್ತಿದ ಮೇಲೆ ಒಲೆ ಆರಿಸಿ, ಸಿಟಿಸಿ ಪುಡಿಯನ್ನೇ ಹಾಕಿ ನಾಲ್ಕು ನಿಮಿಷ ಮುಚ್ಚಿಟ್ಟು ಸೋಸುವುದು. ಹಾಲಿನ ಪ್ರೋಟೀನು ಒಗರನ್ನು ಅರ್ಧ ಹಿಡಿದುಕೊಳ್ಳುವುದರಿಂದ ಇಲ್ಲಿ ಸಿಟಿಸಿ ನಡೆಯುತ್ತದೆ. ಸಕ್ಕರೆ ಮಾತ್ರ ಮುಂದಾಗಿರಲಿ, ತಣ್ಣಗಾದರೆ ಸಿಹಿ ಕಮ್ಮಿ ಅನ್ನಿಸುತ್ತದೆ. ಶುಂಠಿ ಬೇಕಾದವರು ಹಸಿ ಶುಂಠಿಯನ್ನು ಹಾಲಿಗೆ ಹಾಕಬೇಡಿ, ಒಡೆಯುತ್ತದೆ. ಮೊದಲು ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕುದಿಸಿಕೊಳ್ಳಿ. ಹಾಲೊಡೆಯುವ ಶಕ್ತಿ ಬಿಸಿಗೆ ಸಾಯುತ್ತದೆ.

ಖಾರದ ಅಡುಗೆಯಲ್ಲಿ ನನಗೆ ಒಪ್ಪಿದ್ದು ಕಾಬೂಲಿ ಕಡಲೆ ಒಂದೇ. ಪಂಜಾಬಿನವರು ಛೋಲೆ ಬೇಯಿಸುವಾಗ ಚಹಾಪುಡಿಯ ಗಂಟು ಹಾಕುತ್ತಾರೆ, ಕಾಳಿಗೆ ಗಾಢ ಕಂದು ಬಣ್ಣ ಬರುತ್ತದೆ. ಚೀನಾದವರು ಬೆಂದ ಮೊಟ್ಟೆಯ ಸಿಪ್ಪೆಯನ್ನು ಅಲ್ಲಲ್ಲಿ ಬಿರುಕು ಬಿಡಿಸಿ, ಚಹಾ, ಸೋಯಾ ಸಾಸ್, ಚಕ್ರಮೊಗ್ಗಿನ ನೀರಿನಲ್ಲಿ ನೆನೆಸುತ್ತಾರೆ. ಸುಲಿದರೆ ಅಮೃತಶಿಲೆಯ ಗೆರೆಗಳಂತೆ ಕಾಣುತ್ತದೆ. ಮಕ್ಕಳು ನೋಡಿ ಖುಷಿಪಟ್ಟರು, ತಿನ್ನಲಿಲ್ಲ. ಜೋಳದ ರೊಟ್ಟಿಗೆ ಎಸರಿನ ಬದಲು ಕಪ್ಪು ಚಹಾ ಹಾಕಿದ್ದೂ ಉಂಟು. ಅದರ ಬಗ್ಗೆ ಬರೆಯದಿರುವುದೇ ವಾಸಿ.

ಒಂದು ಎಚ್ಚರಿಕೆ. ಬೇಯಿಸಿದ ಮಾತ್ರಕ್ಕೆ ಚಹಾದ ಕೆಫೀನ್ ಹೋಗುವುದಿಲ್ಲ. ಒಣದ್ರಾಕ್ಷಿಯನ್ನು ಇಡೀ ರಾತ್ರಿ ಕಡಕ್ ಚಹಾದಲ್ಲಿ ನೆನೆಸಿ, ಆ ಚಹಾವನ್ನೂ ಸೇರಿಸಿ ಕೇಕ್ ಮಾಡಿದ್ದೆ. ರುಚಿ ಅದ್ಭುತ. ರಾತ್ರಿ ಊಟದ ಮೇಲೆ ಕೊಟ್ಟೆ. ಹನ್ನೊಂದೂವರೆಗೂ ಮಕ್ಕಳು ಮಂಚದ ಮೇಲೆ ಕುಣಿಯುತ್ತಿದ್ದರು.

ಬೆಣ್ಣೆ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಎಲೆಯನ್ನು ಮೊದಮೊದಲು ಗುಲಾಬಿ ಕುಂಡಕ್ಕೆ ಹಾಕುತ್ತಿದ್ದೆ. ಇರುವೆಗಳ ಜಾತ್ರೆಯಾಯಿತು. ಒಂದು ಸಂಜೆ ಸುಮ್ನೆ ಅದನ್ನೇ ಕುದಿಸಿ, ಹಾಲು, ಸಕ್ಕರೆ ಹಾಕಿ ಮನೆಯವರ ಕೈಗೆ ಕೊಟ್ಟೆ. ಟಿಬೆಟ್ಟಿನವರು ಚಹಾಕ್ಕೆ ಬೆಣ್ಣೆ ಹಾಕುತ್ತಾರಲ್ಲ, ಆ ಧೈರ್ಯ. ಅವರು ಪೇಪರಿನಿಂದ ತಲೆ ಎತ್ತದೆ ಕುಡಿದು ಮುಗಿಸಿ, 'ಇವತ್ತು ಹಾಲು ಬದಲಾಯಿಸಿದ್ದೀಯಾ? ಇದೇ ಇರಲಿ' ಅಂದರು.