ಅಕ್ಷರಕ್ಕೊಂದು ಖಾತೆ: ‘ದಿ ಸ್ಕಾರ್ಲೆಟ್ ಲೆಟರ್’ ಪಾಠ ಕೊನೆಗೂ ಕೈಹಿಡಿದ ಬಗೆ

ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ ಎಂಬ ಅಮೆರಿಕನ್ ಕಾದಂಬರಿಯ ಪಾಠ ಮಾಡಿದವರಿಗೆಲ್ಲ ಈ ಕಷ್ಟ ಗೊತ್ತು. ಹೆಸ್ಟರ್ ಪ್ರಿನ್‌ಳ ಎದೆಯ ಮೇಲೆ ವ್ಯಭಿಚಾರದ ಶಿಕ್ಷೆಯಾಗಿ ಬಾಸ್ಟನ್ನಿನವರು ತೊಡಿಸಿದ ಕೆಂಪು ‘ಎ’ ಪಾಪದ ಸಂಕೇತ ಅಂತ ಗೈಡು ಮೊದಲ ಪುಟದಲ್ಲೇ ಹೇಳಿ ಮುಗಿಸುತ್ತದೆ. ಆಮೇಲೆ 24 ಅಧ್ಯಾಯ ಓದಲು ಯಾರಿಗೂ ಕಾರಣ ಉಳಿಯುವುದಿಲ್ಲ. ನಾನು ಅರ್ಥ ಹೇಳುವುದನ್ನೇ ಬಿಟ್ಟೆ. ಅಂಗಡಿಯವರು ಉದ್ರಿ ಬರೆದಿಡುವ ಹಾಗೆ ಆ ಅಕ್ಷರಕ್ಕೊಂದು ಖಾತೆ ತೆರೆಸಿದೆ. ‘ಇದೇನು ಹೈಸ್ಕೂಲು ಪ್ರಾಜೆಕ್ಟಾ?’ ಎಂದು ಕೇಳಿದವರೇ ಹೆಚ್ಚು. ಮೂರನೇ ವರ್ಷಕ್ಕೆ ಫಲ ಕೊಟ್ಟಿತು, ಈಗ ಕೇಳಿದವರೇ ಖಾತೆಯ ನಮೂನೆ ಕೇಳುತ್ತಿದ್ದಾರೆ.

ಮೊದಲು ಕೆಟ್ಟದ್ದರ ಲೆಕ್ಕ. ‘ಕಸ್ಟಮ್ ಹೌಸ್’ ಮುನ್ನುಡಿಯಿಂದ ಶುರು ಮಾಡಿದ್ದು ಮೊದಲ ತಪ್ಪು. ಪುಸ್ತಕದ ಆರರಲ್ಲೊಂದು ಪಾಲು ಅದೇ ಇದ್ದೀತು. 1849ರಲ್ಲಿ ಸರ್ಕಾರ ಬದಲಾಗಿ ಸೇಲಂನ ಸುಂಕದ ಕಚೇರಿಯ ಕೆಲಸ ಹೋದ ಸಿಟ್ಟನ್ನು ಹಾಥಾರ್ನ್ ಅಲ್ಲಿ ನಗುನಗುತ್ತಲೇ ತೀರಿಸಿಕೊಂಡಿದ್ದಾನೆ. ನಮಗೆ ಅದು ರುಚಿ, ಹುಡುಗರಿಗೆ ಮೂರು ವಾರದ ನಿದ್ದೆ. ಈಗ ಅದನ್ನು ಕಟ್ಟಕಡೆಗೆ ಇಟ್ಟಿದ್ದೇನೆ, ಒಂದು ವಾಕ್ಯ ಬಿಟ್ಟು. ಕಚೇರಿಯ ಮಹಡಿಯ ಕೋಣೆಯಲ್ಲಿ ಸಿಕ್ಕ ಚಿಂದಿ ಬಟ್ಟೆಯನ್ನು ಅಳೆದು, ಅಕ್ಷರದ ಪ್ರತಿ ಕಾಲೂ ಸರಿಯಾಗಿ ಮೂರೂಕಾಲು ಇಂಚು ಎನ್ನುವ ವಾಕ್ಯವದು. ಅದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುತ್ತೇನೆ. ಎಲ್ಲಿಂದ ಬಂತು ಅಂತ ಹೇಳುವುದಿಲ್ಲ.

ಕ್ಯಾಲ್ವಿನ್‌ನ ಮತತತ್ವದ ಮೇಲೆ ನಾಲ್ಕು ಲೆಕ್ಚರು ಎರಡನೇ ತಪ್ಪು, ಕತೆಯ ಬಾಸ್ಟನ್ನಿನವರು ನಂಬಿದ್ದು ಅದನ್ನೇ ಆದರೂ. ಉತ್ತರಪತ್ರಿಕೆಯಲ್ಲಿ ಕ್ಯಾಲ್ವಿನ್ ಚೆನ್ನಾಗಿ ಬಂದ, ಹೆಸ್ಟರ್ ಬರಲೇ ಇಲ್ಲ. ಸಿನಿಮಾ ತೋರಿಸಿದ್ದು ಮೂರನೆಯದು. 1995ರ ಹಾಲಿವುಡ್ ಚಿತ್ರದಲ್ಲಿ ಹೆಸ್ಟರ್ ಮತ್ತು ಅವಳ ಗುಟ್ಟಿನ ಪ್ರಿಯಕರ, ಪಾದ್ರಿ ಡಿಮ್ಸ್‌ಡೇಲ್ ಗಾಡಿ ಹತ್ತಿ ಒಟ್ಟಿಗೆ ಊರು ಬಿಡುತ್ತಾರೆ. ಇಂಟರ್ನಲ್ಸ್‌ನಲ್ಲಿ ಹತ್ತಿಪ್ಪತ್ತು ಜನ ಅದನ್ನೇ ಕಾದಂಬರಿಯ ಅಂತ್ಯ ಎಂದು ಬರೆದರು. ಪಾದ್ರಿ, ತಪ್ಪಿತಸ್ಥರನ್ನು ಊರೆದುರು ನಿಲ್ಲಿಸುವ ಅಟ್ಟಣೆಯ ಮೇಲೆ, ಸಾಯುತ್ತಾನೆ ಎಂದು ಒಪ್ಪಿಸಲು ಇನ್ನೊಂದು ವಾರ ಬೇಕಾಯಿತು.

ಖಾತೆಯ ಮೊದಲ ನಮೂನೆಯೂ ಕೆಟ್ಟಿತ್ತು, ಅದರಲ್ಲಿ ‘ಅರ್ಥ’ ಎಂಬ ಕಾಲಂ ಇತ್ತು. ಆ ಕಾಲಂ ಇದ್ದರೆ ಗೈಡಿನಿಂದ ಇಳಿಸುವುದು ಗ್ಯಾರಂಟಿ. ಅದನ್ನು ಕಿತ್ತುಹಾಕಿದ ಮೇಲೆ ಉಳಿದವು ನಾಲ್ಕು: ಅಧ್ಯಾಯ, ಅಕ್ಷರ ಎಲ್ಲಿದೆ, ನೋಡಿದವರು ಯಾರು, ಏನೆಂದರು. ಐದನೆಯದೊಂದಿದೆ, ಹನ್ನೆರಡನೇ ಅಧ್ಯಾಯ ಮುಗಿದ ಮೇಲೆ ಗೆರೆ ಎಳೆಸುತ್ತೇನೆ. ಅದರ ತಲೆಬರಹ ಇಲ್ಲಿ ಹೇಳುವುದಿಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ.

ಸಾಲುಗಳು ಹೀಗೆ ತುಂಬುತ್ತವೆ. 2ನೇ ಅಧ್ಯಾಯ: ಎದೆಯ ಮೇಲೆ, ಜರತಾರಿ ಕಸೂತಿಯ ಕೆಂಪು ಬಟ್ಟೆ. ನೋಡಿದವರು ಊರ ಹೆಂಗಸರು, ಕೊಟ್ಟ ಶಿಕ್ಷೆಯನ್ನೇ ಒಡವೆ ಮಾಡಿಕೊಂಡಳು ಎಂಬ ಗೊಣಗು. 7ನೆಯದು: ಗವರ್ನರ್ ಬೆಲ್ಲಿಂಗ್‌ಹ್ಯಾಮ್ ಮನೆಯ ಉಕ್ಕಿನ ಎದೆಗವಚದಲ್ಲಿ ಪ್ರತಿಬಿಂಬ. 12: ಆಕಾಶದ ಉಲ್ಕೆ. ಡಿಮ್ಸ್‌ಡೇಲ್‌ಗೆ ಅದು ತನ್ನದೇ ಗುಟ್ಟು, ಚರ್ಚಿನ ಆಳಿಗೆ ‘ಏಂಜೆಲ್’, ಯಾಕೆಂದರೆ ಅದೇ ರಾತ್ರಿ ಗವರ್ನರ್ ವಿಂತ್ರಾಪ್ ತೀರಿಕೊಂಡಿದ್ದ. 13: ಊರ ಬಾಯಲ್ಲಿ ಅದೇ ಅಕ್ಷರ ‘ಏಬಲ್’, ಸಮರ್ಥೆ. 15: ಹೆಸ್ಟರ್‌ಳ ಮಗಳು ಪರ್ಲ್ ಸಮುದ್ರದ ಹುಲ್ಲಿನಿಂದ ತನ್ನೆದೆಗೆ ಮಾಡಿಕೊಂಡ ಹಸಿರು ಎ. 18ರಲ್ಲಿ ಹೆಸ್ಟರ್ ತನ್ನದನ್ನು ಕಿತ್ತೆಸೆದು ನೆಲದ ಮೇಲೆ, 19ರಲ್ಲಿ ಮತ್ತೆ ಎದೆಯ ಮೇಲೆ, ಮಗಳ ಹಟಕ್ಕೆ. ಬರೆಯುತ್ತಾ ಹೋದ ಹಾಗೆ ‘ಯಾರು’ ಕಾಲಂ ಬದಲಾದರೆ ‘ಏನೆಂದರು’ ಬದಲಾಗುವುದು ಅವರಿಗೇ ಕಾಣುತ್ತದೆ. ಬೋರ್ಡಿನ ಮೇಲೆ ‘ಸಂಕೇತ’ ಎನ್ನುವ ಮಾತು ಬಂದದ್ದು ಏಳನೇ ವಾರದಲ್ಲಿ, ಅದೂ ಹಿಂದಿನ ಬೆಂಚಿನಿಂದ. ‘ಅಡಲ್ಟರಿ’ ಎಂಬ ಪದ ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಇಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಬೇಡಿ, ಹುಡುಕಲು ಬಿಡಿ.

ಅಟ್ಟಣೆಯ ವಿಷಯದಲ್ಲಿ ಎರಡು ಮಾತು ಹೆಚ್ಚು ಬರೆಯಬೇಕು. ನಾನು ಮೊದಲು ‘ಪಂಚಾಯ್ತಿ ಕಟ್ಟೆ’ ಎಂದು ವಿವರಿಸಿ ಕೆಟ್ಟೆ. ನಮ್ಮ ಕಟ್ಟೆಯ ಮೇಲೆ ಪಂಚರು ಕೂರುತ್ತಾರೆ, ತಪ್ಪು ಮಾಡಿದವರು ಕೆಳಗೆ ನಿಲ್ಲುತ್ತಾರೆ. ಬಾಸ್ಟನ್ನಿನಲ್ಲಿ ತಪ್ಪು ಮಾಡಿದವಳೇ ಮೇಲೆ, ಮೂರು ತಿಂಗಳ ಕೂಸನ್ನೆತ್ತಿಕೊಂಡು ಮೂರು ಗಂಟೆ. ಪುಸ್ತಕದ ಅಳತೆ ರಸ್ತೆಯಿಂದ ಆಳಿನ ಹೆಗಲೆತ್ತರ, ಅಂದರೆ ನಾಲ್ಕೂವರೆ ಅಡಿಯ ಆಸುಪಾಸು. ಅವಳ ಮೇಲೆ, ಚರ್ಚಿನ ಬಾಲ್ಕನಿಯಲ್ಲಿ, ಗವರ್ನರ್ ಮತ್ತು ಪಾದ್ರಿಗಳು. ತರಗತಿಯ ಒಂದಡಿ ಡಯಾಸ್ ಇದಕ್ಕೆ ಸಾಲದು, ಅಲ್ಲಿ ನಿಂತವರು ಮೇಷ್ಟರಂತೆ ಕಾಣುತ್ತಾರೆ. ಎರಡು ಟೇಬಲ್ ಜೋಡಿಸಿದರೆ ನಡುವೆ ಬಿರುಕು ಬಿಟ್ಟು ಅಲ್ಲಾಡುತ್ತದೆ. ಬಯಲು ರಂಗಮಂದಿರ ಇದ್ದರೆ ಅದೇ ಸರಿ. ಇಲ್ಲದಿದ್ದರೆ ಶಾಮಿಯಾನದವರಿಂದ ಒಂದು ದಿನಕ್ಕೆ ಸ್ಟೇಜು. ಬಾಲ್ಕನಿಗೆ ಮೊದಲ ಮಹಡಿಯ ವರಾಂಡಾ ಸಾಕು, ಕಂಬಿ ಗಟ್ಟಿ ಇದೆಯೇ ಮೊದಲೇ ನೋಡಿಕೊಳ್ಳಿ.

ಅಭಿನಯ ಬೇಡ, ಸಂಭಾಷಣೆ ಬಾಯಿಪಾಠವೂ ಬೇಡ. ನಿಲ್ಲುವ ಜಾಗ ಮಾತ್ರ. 3ನೇ ಅಧ್ಯಾಯದಲ್ಲಿ ಡಿಮ್ಸ್‌ಡೇಲ್ ವರಾಂಡಾದ ಕಂಬಿಯ ಮೇಲೆ ಬಾಗಿ, ಮಗುವಿನ ತಂದೆಯ ಹೆಸರು, ಅಂದರೆ ತನ್ನ ಹೆಸರನ್ನೇ, ಹೇಳು ಅಂತ ಕೆಳಗಿರುವ ಹೆಸ್ಟರ್‌ಗೆ ಕೇಳಿಕೊಳ್ಳುತ್ತಾನೆ. ಏಳು ವರ್ಷದ ನಂತರ 12ರಲ್ಲಿ ಅಟ್ಟಣೆ ಹತ್ತುತ್ತಾನೆ, ಆದರೆ ರಾತ್ರಿ. ನಾಳೆ ಮಧ್ಯಾಹ್ನ ನಮ್ಮ ಜತೆ ನಿಲ್ಲುತ್ತೀಯಾ ಎಂದು ಪರ್ಲ್ ಕೇಳಿದರೆ ಇಲ್ಲ ಎನ್ನುತ್ತಾನೆ. 23ರಲ್ಲಿ ಅದೇ ಹಲಗೆ, ಹಾಡಹಗಲು, ಊರೆಲ್ಲ ಎದುರು. ಹೆಸರು ಮರೆಸಿಕೊಂಡು ವೈದ್ಯನಾಗಿ ಬಂದ ಹೆಸ್ಟರ್‌ಳ ಗಂಡ ಚಿಲ್ಲಿಂಗ್‌ವರ್ತ್‌ಗೆ ಸುಣ್ಣದಲ್ಲಿ ಬೇರೆ ಗುರುತು ಹಾಕಿ: ಮೊದಲು ಗುಂಪಿನ ಅಂಚು, ಆಮೇಲೆ ಅಟ್ಟಣೆಯ ಬುಡ, ಕೊನೆಗೆ ಮೇಲೆ, ಪಾದ್ರಿಯ ಬೆನ್ನಿಗೆ. ಜಗತ್ತಿನಲ್ಲಿ ಈ ಅಟ್ಟಣೆಯೊಂದನ್ನು ಬಿಟ್ಟು ನೀನು ನನ್ನಿಂದ ತಪ್ಪಿಸಿಕೊಳ್ಳುವ ಜಾಗವೇ ಇರಲಿಲ್ಲ ಎಂಬ ಅವನ ಮಾತು ಪಾಠದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. ಗುರುತುಗಳನ್ನು ನೋಡಿದ ಮೇಲೆ ವಿವರಣೆಯೇ ಬೇಕಾಗಲಿಲ್ಲ. ಮೂರು ದೃಶ್ಯಕ್ಕೂ ಸೇರಿ ಎರಡು ಪೀರಿಯಡ್ ಹಿಡಿಯುತ್ತದೆ. ಇದರಲ್ಲಿ ನನಗೆ ಸ್ವಲ್ಪ ಜಂಬವಿದೆ, ಇರಲಿ.

ಅಕ್ಷರವನ್ನು ನಿಜವಾಗಿ ಹೊಲಿಸಿ. ಕಾಗದದ್ದು ಸ್ಪೋರ್ಟ್ಸ್ ಡೇ ಬ್ಯಾಡ್ಜಿನಂತೆ ಕಂಡು ನಗೆ ಬರುತ್ತದೆ. ಕೆಂಪು ಬಟ್ಟೆಗೆ ಹಿಂದೆ ಕ್ಯಾನ್ವಾಸ್ ಕೊಡದಿದ್ದರೆ ಜರಿ ಎಳೆಯುವಾಗ ಕಾಲುಗಳು ಮುದುಡಿ ಮೂರೂಕಾಲು ಇಂಚು ಮೂರಕ್ಕಿಳಿಯುತ್ತದೆ. ಕಸೂತಿ ಗೊತ್ತಿರುವ ಹುಡುಗಿಗೂ ಒಂದು ಅಕ್ಷರಕ್ಕೆ ಐದಾರು ಗಂಟೆ ಬೇಕಾಯಿತು. ಆ ಐದಾರು ಗಂಟೆಯೇ 5ನೇ ಅಧ್ಯಾಯದ ಪಾಠ: ಗವರ್ನರ್‌ನ ಕುತ್ತಿಗೆಪಟ್ಟಿಗೂ ಕೂಸಿನ ಟೋಪಿಗೂ ಹೆಸ್ಟರ್‌ಳದೇ ಸೂಜಿ, ಮದುವಣಗಿತ್ತಿಯ ಬಿಳಿ ಮುಸುಕಿಗೆ ಮಾತ್ರ ಅವಳನ್ನು ಕರೆಯಲಿಲ್ಲ. ಜರಿ ಹೆಚ್ಚಾದರೆ ಬಿಸಿಲಿನಲ್ಲಿ ದೂರದಿಂದ ಅಕ್ಷರ ಓದಲಾಗುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಇದು ಬೇಕೆಂದು ಮಾಡಿದ್ದಲ್ಲ, ಆದರೆ ಹೆಂಗಸರ ಗೊಣಗಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಸಿಕ್ಕಿಲ್ಲ.

ಎದೆಗವಚಕ್ಕೆ ಸ್ಟೀಲ್ ಬಿಂದಿಗೆ ತಂದೆ. ಉಬ್ಬು ಮೈ ಎಲ್ಲವನ್ನೂ ಚಿಕ್ಕದಾಗಿಸುತ್ತದೆ, ತೀರ ಹತ್ತಿರವಿದ್ದದ್ದು ಮಾತ್ರ ಉಳಿದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಗೇಣು ದೂರದಲ್ಲಿ ಏನೂ ಆಗಲಿಲ್ಲ. ಎದೆಯನ್ನು ಬಿಂದಿಗೆಗೆ ನಾಲ್ಕು ಬೆರಳು ಹತ್ತಿರ ತಂದಾಗ ಮುಖ ಗೋಲಿಯಷ್ಟು, ‘ಎ’ ಅದನ್ನೇ ನುಂಗುವಷ್ಟು. ಅಕ್ಷರದ ಹಿಂದೆ ಹೆಂಗಸೇ ಮರೆಯಾದಳು ಎಂದು ಪುಸ್ತಕ ಹೇಳುವುದು ಅಕ್ಷರಶಃ ಆಗುತ್ತದೆ. ಹಳೆಯ, ನೆಗ್ಗಿದ ಬಿಂದಿಗೆ ಬೇಡ. ಇನ್ನೊಂದು: ‘ಎ’ ಕನ್ನಡಿಯಲ್ಲಿ ತಿರುಗುವುದಿಲ್ಲ, ‘ಡಿ’ ತಿರುಗುತ್ತದೆ. 1634ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ರಾಬರ್ಟ್ ಕೋಲ್ಸ್ ಎಂಬಾತನಿಗೆ ಕುಡಿತಕ್ಕಾಗಿ ಕೆಂಪು ‘ಡಿ’ಯನ್ನು ಒಂದು ವರ್ಷ ತೊಡಿಸಿದ್ದು ಉಂಟು, ಹೋಲಿಸಿ ತೋರಿಸಲು ಅನುಕೂಲ.

‘ಇದು ನಿಜವಾಗಿ ನಡೀತಿತ್ತಾ ಸಾರ್?’ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತದೆ, ತಾರೀಖು ಸಿದ್ಧವಿರಲಿ. ಕತೆ ನಡೆಯುವುದು 1640ರ ದಶಕದಲ್ಲಿ. ಆಗಿನ ಬಾಸ್ಟನ್ ಕಾನೂನಿನಲ್ಲಿ ಈ ತಪ್ಪಿಗೆ ಮರಣದಂಡನೆ, 1644ರಲ್ಲಿ ಮೇರಿ ಲೇಥಮ್ ಮತ್ತು ಜೇಮ್ಸ್ ಬ್ರಿಟನ್ ಇಬ್ಬರನ್ನೂ ನೇಣಿಗೆ ಹಾಕಿದ್ದರು. ಮ್ಯಾಸಚೂಸೆಟ್ಸಿನಲ್ಲಿ ಬಟ್ಟೆಯ ‘ಎ’ ಕಾನೂನಾಗಿ ಬಂದದ್ದು 1694ರಲ್ಲಿ, ಎರಡಿಂಚು ಉದ್ದ, ಉಡುಪಿಗೆ ಎದ್ದುಕಾಣುವ ಬೇರೆ ಬಣ್ಣ. ಹಾಥಾರ್ನ್ ಅದನ್ನು ಅರ್ಧ ಶತಮಾನ ಹಿಂದಕ್ಕೆ ತಂದು ಒಂದೂಕಾಲು ಇಂಚು ಬೆಳೆಸಿದ. ಬೋರ್ಡಿನ ಮೇಲಿನ ಮೂರೂಕಾಲು ಎಲ್ಲಿಯದು ಅಂತ ನಾನು ಬಾಯಿಬಿಡುವುದು ಆ ದಿನ.

ಭಾಷೆಯ ಕಡೆಯಿಂದ ಒಂದು ಲಾಭ ಕೇಳದೆಯೇ ಬಂತು. ‘ಸಿನ್’ ಎಂದರೆ ಪಾಪ ಅಂತ ಬರೆಸಿದರೆ ಅರ್ಧ ಕ್ಲಾಸು ‘ಪಾಪ ಹೆಸ್ಟರ್’ ಎನ್ನುತ್ತದೆ. ನಮ್ಮಲ್ಲಿ ಪಾಪ ಎಂದರೆ ಮಾಡಿದ ತಪ್ಪೂ ಹೌದು, ಮರುಕವೂ ಹೌದು, ಎಷ್ಟೋ ಕಡೆ ಎಳೆಗೂಸೂ ಹೌದು. ಮೊದಲ ವರ್ಷ ಇದನ್ನು ತಿದ್ದುತ್ತಿದ್ದೆ, ದಡ್ಡತನ. ಕೂಸೇ ಜೀವಂತ ಅಕ್ಷರವಾಗಿರುವ ಪುಸ್ತಕದಲ್ಲಿ ಇದನ್ನು ತಿದ್ದುವವರುಂಟೇ? ‘ಶೇಮ್’ ಹಾಗಲ್ಲ, ಅದನ್ನು ಒಡೆಯಲೇಬೇಕು. ಅವಮಾನ ಇನ್ನೊಬ್ಬರು ಮಾಡುವುದು, ನಾಚಿಕೆ ತನ್ನೊಳಗಿನದು. ಮೂರು ಗಂಟೆ ಅಟ್ಟಣೆಯ ಮೇಲೆ ಹೆಸ್ಟರ್‌ಗೆ ಆದದ್ದು ಅವಮಾನ. ಯಾರೂ ಅವಮಾನಿಸದೆ, ಊರೇ ಕೈಮುಗಿಯುವಾಗ ಡಿಮ್ಸ್‌ಡೇಲ್‌ಗೆ ಆಗುವುದು ನಾಚಿಕೆ. ಅಕ್ಷರ ತನಗೊಪ್ಪಿಸಿದ ಕೆಲಸ ಮಾಡಲಿಲ್ಲ ಎಂದು 13ನೇ ಅಧ್ಯಾಯ ಹೇಳುತ್ತದಲ್ಲ, ಅವಮಾನದಿಂದ ನಾಚಿಕೆ ಹುಟ್ಟಲಿಲ್ಲ ಎಂಬುದೇ ಅದು. ಈ ಎರಡು ಪದ ಕೊಟ್ಟ ವರ್ಷ ಪ್ರಬಂಧಗಳ ಮಟ್ಟ ಒಂದು ಮೆಟ್ಟಿಲು ಏರಿತು.

ಖರ್ಚು. ಮೊದಲ ವರ್ಷ ಇಡೀ ಪುಸ್ತಕ ಪ್ರಿಂಟ್ ಹಾಕಿಸಿ ಒಂಬತ್ತು ಸಾವಿರದಷ್ಟು ಕಳೆದೆ, ಪ್ರತಿಗಳಲ್ಲಿ ಅರ್ಧ ವಾಪಸ್ ಬರಲಿಲ್ಲ. ಕೃತಿ 1850ರದು, ಹಕ್ಕಿನ ತಕರಾರಿಲ್ಲ, ಪೂರ್ತಿ ಪಠ್ಯ ಮೊಬೈಲಿನಲ್ಲೇ ಇರಲಿ. ಝೆರಾಕ್ಸ್ ಒಂಬತ್ತು ಹತ್ತು ಅಧ್ಯಾಯಕ್ಕೆ ಸಾಕು, ಇಬ್ಬರಿಗೊಂದು ಸೆಟ್. ಅದಕ್ಕೆ ಎರಡು ಸಾವಿರ ಚಿಲ್ಲರೆ, ಬಟ್ಟೆ ಜರಿಗೆ ನಾನ್ನೂರು, ಸ್ಟೇಜಿಗೆ ಸಾವಿರದೈನೂರು. ಖಾತೆಯ ಪುಸ್ತಕ ಅವರವರದೇ. ಅರವತ್ತರ ಕ್ಲಾಸಿನಲ್ಲಿ ಗೈಡಿನ ವಾಕ್ಯವಿಲ್ಲದ ಉತ್ತರ ಮೊದಲು ಎಂಟೋ ಹತ್ತೋ ಇರುತ್ತಿತ್ತು. ಕಳೆದ ಸಲ ಮೂವತ್ತೈದು ದಾಟಿತು.

ತೊಡಕು ಪೂರ್ತಿ ಹೋಗಿಲ್ಲ. 23ರಲ್ಲಿ ಪಾದ್ರಿ ಎದೆಯ ಬಟ್ಟೆ ಸರಿಸಿದಾಗ ಏನು ಕಂಡಿತು ಎಂಬ ಸಾಲು ಒಂದೇ ಗೆರೆಯಲ್ಲಿ ಹಿಡಿಯುವುದಿಲ್ಲ. 24ರಲ್ಲಿ ಕೆಲವರು ತಾನೇ ಮಾಡಿಕೊಂಡ ಗಾಯ ಎನ್ನುತ್ತಾರೆ, ಕೆಲವರು ಚಿಲ್ಲಿಂಗ್‌ವರ್ತ್‌ನ ಮದ್ದು ಮಾಟ, ಕೆಲವರು ಒಳಗಿನ ಪಶ್ಚಾತ್ತಾಪ ಕೊರೆದು ಹೊರಬಂದದ್ದು, ಇನ್ನು ಕೆಲವರು ಅಲ್ಲೇನೂ ಇರಲಿಲ್ಲ. ನಾಲ್ಕು ಗೆರೆ ಬಿಡಿಸಿ. ‘ಯಾವುದು ಸರಿ ಸಾರ್’ ಎಂದರೆ ‘ಯಾರು’ ಕಾಲಂ ತೋರಿಸಿ ಸುಮ್ಮನಿರಿ. ಪರೀಕ್ಷೆಗೆ ಒಂದನ್ನೇ ಬರೆಯಬೇಕೆಂಬ ಭಯ ಇದ್ದೇ ಇರುತ್ತದೆ, ನಾಲ್ಕನ್ನೂ ಬರೆದವರಿಗೆ ಇಂಟರ್ನಲ್ಸ್‌ನಲ್ಲಿ ಎರಡು ಅಂಕ ಹೆಚ್ಚು ಕೊಟ್ಟರೆ ಇಳಿಯುತ್ತದೆ.

ಕೊನೆಯ ಸಾಲು ಗೋರಿಕಲ್ಲಿನದು: ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಎ. ವಂಶಲಾಂಛನ ವರ್ಣಿಸುವವರ ಭಾಷೆಯದು, ಪದಗಳಲ್ಲಿ ಬಣ್ಣ ಹೇಳುವ ಪದ್ಧತಿ. ಹೆಸ್ಟರ್‌ಳದು, ಪಾದ್ರಿಯದು ಎರಡು ಗೋರಿಗಳು, ನಡುವೆ ಒಂದಿಷ್ಟು ಜಾಗ, ಎರಡಕ್ಕೂ ಒಂದೇ ಕಲ್ಲು. ಆ ಕಲ್ಲು ಬರಿಯ ಸ್ಲೇಟ್ ಚಪ್ಪಡಿ. ‘ಅಕ್ಷರ ಎಲ್ಲಿದೆ’ ಕಾಲಂನಲ್ಲಿ ಎಲ್ಲರೂ ‘ಕಲ್ಲಿನ ಮೇಲೆ, ಕೆಂಪು ಬಣ್ಣದಲ್ಲಿ’ ಎಂದು ಬರೆಯುತ್ತಾರೆ. ಕಲ್ಲಿಗೆ ಬಣ್ಣ ಬಳಿದವರು ಯಾರು ಎಂದು ಕೇಳಿ, ಪೀರಿಯಡ್ ಮುಗಿಯಲು ಹತ್ತು ನಿಮಿಷ ಇರುವಾಗ.