ಹರಪನಹಳ್ಳಿ ಯಾವ ಜಿಲ್ಲೆ? ಡೇಟಾ ಮಾಡೆಲ್ ಮಾಡಿದ ನನ್ನ ಅನುಭವ

ನಾನು ಡೇಟಾ ಆರ್ಕಿಟೆಕ್ಟ್. ಒಂದು ಸಂಸ್ಥೆಯ ಖರೀದಿ, ಗೋಡೌನ್, ಲೆಕ್ಕ, ಮಾರಾಟ ಎಲ್ಲದರ ಮಾಹಿತಿ ಒಂದಕ್ಕೊಂದು ತಾಳೆಯಾಗುವ ಹಾಗೆ ಮಾಡೆಲ್ ಮಾಡುವುದು, ಅಂದರೆ ಯಾವ ಮಾಹಿತಿ ಎಲ್ಲಿ, ಹೇಗೆ ಇರಬೇಕು ಅಂತ ನಕ್ಷೆ ಹಾಕುವುದು ನನ್ನ ಕೆಲಸ. ದಾವಣಗೆರೆಯಲ್ಲಿ ಮೆಕ್ಕೆಜೋಳ ಕೊಂಡು ಮಾರುವ ಒಂದು ಸಂಸ್ಥೆಗೆ ಇದನ್ನು ಮಾಡಿಕೊಟ್ಟೆ.

ಅಲ್ಲಿ ಖರೀದಿಯವರ ಲೆಕ್ಕಕ್ಕೂ ಗೋಡೌನಿನವರ ಲೆಕ್ಕಕ್ಕೂ ಯಾವಾಗಲೂ ಜಗಳ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಹಸಿ ಮಾಲಿನ ತೂಕ ಬರೆಯುತ್ತಿದ್ದರು, ಇನ್ನೊಬ್ಬರು ಒಣಗಿಸಿದ ಮೇಲಿನ ತೂಕ.

ಟೇಬಲ್, ಅಂದರೆ ಸಾಲು ಮತ್ತು ಕಾಲಂಗಳಲ್ಲಿ ಮಾಹಿತಿ ಇಡುವ ಪಟ್ಟಿ, ಬರೆಯುವ ಮೊದಲು ನಾನು ಕೇಳುವುದು ಇಷ್ಟೇ: ಇದರಲ್ಲಿ ಒಂದು ಸಾಲು ಅಂದರೆ ಏನು? ಆಫೀಸಿನಲ್ಲಿ ಎಲ್ಲರೂ "ಒಂದು ಲಾರಿ" ಅಂದರು. ವೇ ಬ್ರಿಡ್ಜ್ ಹತ್ತಿರ ಹೋಗಿ ಕೂತೆ. ತೂಕದ ಚೀಟಿ ಬರೆಯುವವರು ಹೇಳಿದರು, "ಲಾರಿ ಒಂದೇ ಸಾರ್, ಆದ್ರೆ ಒಳಗಿರೋ ಮಾಲು ಮೂರು ಜನರದ್ದು. ರೇಟೂ ಬೇರೆ ಬೇರೆ." ಅಲ್ಲಿಗೆ ತೀರ್ಮಾನವಾಯಿತು. ಒಂದು ಸಾಲು ಅಂದರೆ ಒಬ್ಬ ರೈತರ ಒಂದು ಲಾಟ್. ಲಾರಿಗೆ ಬೇರೆ ಟೇಬಲ್.

ತೇವಾಂಶವನ್ನು ಲಾಟಿನ ಸಾಲಿನಲ್ಲೇ ಒಂದು ಕಾಲಂ ಮಾಡಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಗೇಟಿನಲ್ಲಿ ಒಮ್ಮೆ ನೋಡುತ್ತಾರೆ, ಕಣದಲ್ಲಿ ಒಣಗಿಸಿ ಮತ್ತೆ ನೋಡುತ್ತಾರೆ. ಬೆಂಬಲ ಬೆಲೆಗೆ ಮೆಕ್ಕೆಜೋಳದ ತೇವಾಂಶ ಶೇ 14 ದಾಟಬಾರದು. ಹಾಗಾಗಿ ಯಾವಾಗ, ಎಲ್ಲಿ ನೋಡಿದ್ದು ಅನ್ನುವುದು ದುಡ್ಡಿನ ಪ್ರಶ್ನೆ. ಪ್ರತಿ ಅಳತೆಗೂ ಒಂದು ಸಾಲು ಕೊಟ್ಟೆ. ತೂಕಕ್ಕೂ ಹಾಗೇ. ಎರಡು ವಿಭಾಗದ ಜಗಳ ಅಲ್ಲೇ ನಿಂತಿತು.

ನನಗೆ ಜಾಸ್ತಿ ಇಷ್ಟವಾದ ಭಾಗ ಹರಪನಹಳ್ಳಿಯದು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ತಾಲ್ಲೂಕು ಬಳ್ಳಾರಿಯಿಂದ ಇತ್ತ ಬಂತು. ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ರೈತರು ಇದ್ದಲ್ಲೇ ಇದ್ದಾರೆ, ಹೊಲವೂ ಅದೇ. ರೈತರ ಸಾಲಿನಲ್ಲಿ ಜಿಲ್ಲೆಯ ಹೆಸರು ಬರೆದು, ಬದಲಾದಾಗ ಅದನ್ನೇ ತಿದ್ದಿದರೆ ಏನಾಗುತ್ತದೆ? ದಾವಣಗೆರೆ ಜಿಲ್ಲೆಯ ಹಳೆಯ ಖರೀದಿ ಲೆಕ್ಕ ಸುಮ್ನೆ ಕುಗ್ಗಿಬಿಡುತ್ತದೆ. ಅದಕ್ಕೇ ತಾಲ್ಲೂಕು, ಜಿಲ್ಲೆ, ಯಾವ ದಿನದಿಂದ, ಯಾವ ದಿನದವರೆಗೆ ಅಂತ ಒಂದು ಟೇಬಲ್ ಮಾಡಿದೆ. ಈಗ ನಡೆಯುತ್ತಿರುವ ಸಾಲಿಗೆ ಕೊನೆಯ ದಿನ ಖಾಲಿ. ಒಂದೇ ತಾಲ್ಲೂಕಿನ ಎರಡು ಅವಧಿ ಒಂದರ ಮೇಲೊಂದು ಬರಬಾರದು ಅನ್ನುವುದು ಕಟ್ಟುನಿಟ್ಟು. ನಮ್ಮ ಕಸುಬಿನಲ್ಲಿ ಇದಕ್ಕೆ ಸ್ಲೋಲಿ ಚೇಂಜಿಂಗ್ ಡೈಮೆನ್ಷನ್, ಟೈಪ್ 2 ಅನ್ನುತ್ತಾರೆ. ಖರೀದಿಯ ದಿನಾಂಕ ಹಿಡಿದರೆ ಅಂದಿನ ಜಿಲ್ಲೆ ಸಿಗುತ್ತದೆ, ಇವತ್ತಿನ ದಿನಾಂಕ ಹಿಡಿದರೆ ಇಂದಿನದು. ಎರಡೂ ಬೇಕಾಗುತ್ತದೆ ಅಲ್ವಾ?

ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ ಎಂಟಿಟಿ-ರಿಲೇಷನ್‌ಶಿಪ್ ಚಿತ್ರವನ್ನು (ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಅಂತ ಗೆರೆ ಎಳೆದು ತೋರಿಸುವ ಚಿತ್ರ) ನಾನು ಇವತ್ತಿಗೂ ಕಾಗದದ ಮೇಲೆ, ಕನ್ನಡದಲ್ಲೇ ಬರೆಯುತ್ತೇನೆ. ಡೇಟಾಬೇಸ್ ಗೊತ್ತಿಲ್ಲದವರೂ ಅದರಲ್ಲಿ ತಪ್ಪು ಹಿಡಿಯುತ್ತಾರೆ. ರೈತರಿಗೂ ಬ್ಯಾಂಕ್ ಖಾತೆಗೂ ಗೆರೆ ಎಳೆದಿದ್ದನ್ನು ನೋಡಿ ಲೆಕ್ಕದ ಮೇಡಂ ಅಂದರು, "ಹಾಗಲ್ಲ ಸಾರ್. ಪಹಣಿ ಅಪ್ಪನ ಹೆಸರಲ್ಲಿರುತ್ತೆ, ಮಾಲು ತರೋದು ಮಗ, ದುಡ್ಡು ಸೊಸೆ ಖಾತೆಗೆ ಹೋಗುತ್ತೆ." ಇಂಥ ಮಾತು ಯಾವ ಹಳೆಯ ಸಾಫ್ಟ್‌ವೇರ್ ತೆರೆದು ನೋಡಿದರೂ ಸಿಗುವುದಿಲ್ಲ.

ವ್ಯಕ್ತಿಗೆ ಒಂದು ಟೇಬಲ್, ಪಾತ್ರಕ್ಕೆ ಇನ್ನೊಂದು ಅಂತ ಬೇರೆ ಮಾಡಿದೆ. ಪ್ರತಿ ಲಾಟಿಗೂ ಹೊಲದ ಮಾಲೀಕರು, ಮಾಲು ತಂದವರು, ಹಣ ಪಡೆಯುವವರು ಯಾರು ಅಂತ ದಾಖಲಾಗುತ್ತದೆ. ಮೂರೂ ಒಬ್ಬರೇ ಆಗಿದ್ದರೂ ಸರಿ. ಹೆಸರನ್ನಾಗಲಿ ಮೊಬೈಲ್ ನಂಬರನ್ನಾಗಲಿ ಕೀ, ಅಂದರೆ ಒಬ್ಬರನ್ನು ಬೇರೆಯವರಿಂದ ಗುರುತಿಸುವ ಗುರುತು, ಮಾಡಲಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನವರು ಹಲವರು ಇರುತ್ತಾರೆ, ಸಿಮ್ ಬದಲಾಗುತ್ತಲೇ ಇರುತ್ತದೆ. ಸಿಸ್ಟಮ್ ಕೊಡುವ ಒಂದು ನಂಬರೇ ಸಾಕು. ಈಗ ಸೊಸೆಯ ಖಾತೆಗೆ ಹೋದ ಹಣ ಯಾರ ಹೊಲದ ಮಾಲಿನದು ಅಂತ ಹುಡುಕಲು ಮೇಡಂ ಯಾರಿಗೂ ಫೋನ್ ಮಾಡಬೇಕಿಲ್ಲ.